ಬಣ್ಣದ ಕೆಳಗಿನ ಲಾರಿ: ಹಳೆಯ ಗಾಡಿ ಕೊಳ್ಳುವವರಿಗೆ ಅನುಭವದ ಪಾಠಗಳು

ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾ ದಾಟಿ ನಮ್ಮ ಸೀಮೆಗೆ ಬರುತ್ತದೆ, ಸಸ್ತಾಪುರ ಬಂಗ್ಲಾದ ಹತ್ತಿರ ಬಸವಕಲ್ಯಾಣಕ್ಕೆ ದಾರಿ ಬಿಟ್ಟುಕೊಟ್ಟು ಹುಮನಾಬಾದಿನ ಮೇಲೆ ಜಹೀರಾಬಾದಿನ ಕಡೆ ಸಾಗುತ್ತದೆ. ನಾಂದೇಡ್, ಬೀದರ್ ಕಡೆಯಿಂದ ಕಲಬುರಗಿಗೆ ಹೋಗುವ ಹೆದ್ದಾರಿ 50 ಅದಕ್ಕೆ ಅಡ್ಡ ಬರುವುದು ಹುಮನಾಬಾದಿನಲ್ಲೇ. ಈ ರಸ್ತೆಗಳ ಆಸರೆಯಲ್ಲಿ ಬಸವಕಲ್ಯಾಣದ ಆಟೋ ನಗರ ಬೆಳೆಯಿತು. ಬಾಡಿ ಕಟ್ಟುವವರು, ಪಾಟಾ (ಲೀಫ್ ಸ್ಪ್ರಿಂಗ್) ಕೂಡಿಸುವವರು, ವೆಲ್ಡಿಂಗಿನವರು, ಡೆಂಟಿಂಗ್ ಪೇಂಟಿಂಗಿನವರು, ಬಿಚ್ಚಿದ ಗಾಡಿಯ ಸಾಮಾನು ಮಾರುವವರು ಎಲ್ಲರೂ ಅಲ್ಲಿದ್ದಾರೆ. ಮಹಾರಾಷ್ಟ್ರ, ತೆಲಂಗಾಣದ ಗಾಡಿಗಳೂ ಅಲ್ಲಿಗೆ ಕೆಲಸಕ್ಕೆ ಬರುತ್ತವೆ. ಹಳೆಯ ಲಾರಿಯೊಂದು ಅಲ್ಲಿ ಹೊಸ ರೂಪ ಪಡೆದು ಹೊರಗೆ ಬಂದಾಗ ನೋಡಲು ಚೆಂದ. ಅದು ನಮ್ಮ ಮಿಸ್ತ್ರಿಗಳ ಕೈಯ ಹೆಮ್ಮೆ.

ಆದರೆ ಆ ಗಾಡಿ ಕೊಳ್ಳುವವನು ಹೆಚ್ಚಾಗಿ ಮೊದಲ ಸಲ ಮಾಲೀಕನಾಗುತ್ತಿರುವ ಚಾಲಕ. ಹೆಂಡತಿಯ ಬಂಗಾರ, ಹೊಲದ ಮೇಲಿನ ಸಾಲ, ಫೈನಾನ್ಸಿನ ಕಂತು ಸೇರಿಸಿ ಗಾಡಿ ತರುತ್ತಾನೆ. ಗಾಡಿ ಆರು ತಿಂಗಳು ನಿಂತರೆ ಮನೆಯೇ ನಿಲ್ಲುತ್ತದೆ. ನಾನು ಹುಮನಾಬಾದಿನವನು. ಮೊದಲು ಕ್ಲೀನರ್, ಆಮೇಲೆ ಚಾಲಕ, ಆಮೇಲೆ ಸ್ವಂತ ಗಾಡಿ. ಈಗ ಗಾಡಿ ಕೊಳ್ಳುವ ಹುಡುಗರು ‘ಕಾಕಾ, ಬಂದು ಒಮ್ಮೆ ನೋಡ್ರಿ’ ಎಂದು ಕರೆದರೆ ಹೋಗಿ ನೋಡಿಕೊಡುತ್ತೇನೆ. ಹೋದಲ್ಲೆಲ್ಲ ಹೇಳುವ ಮಾತುಗಳನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

1. ಬಣ್ಣವನ್ನು ಕೊನೆಗೆ ನೋಡಿ

ಹೊಸ ಬಣ್ಣ ಕಂಡ ಕೂಡಲೇ ಮೋಸ ಎಂದುಕೊಳ್ಳಬೇಡಿ. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಪಾಸಿಂಗ್ ಎನ್ನುವುದು ಇದನ್ನೇ. ಪಾಸಿಂಗಿಗೆ ಮೊದಲು ತುಕ್ಕು ಉಜ್ಜಿಸಿ ಬಣ್ಣ ಹೊಡೆಸುವುದು ರೂಢಿ, ಒಳ್ಳೆಯ ರೂಢಿ.

ಹಾಗಾಗಿ ಬಣ್ಣ ಹೊಸದೋ ಹಳೆಯದೋ ಎಂಬುದಲ್ಲ, ಯಾಕೆ ಹೊಡೆಸಿದರು ಎಂಬುದು ಪ್ರಶ್ನೆ. ಪಾಸಿಂಗಿಗೆ ಹೊಡೆಸಿದ ಬಣ್ಣ ಇಡೀ ಗಾಡಿಯ ಮೇಲೆ ಒಂದೇ ಸಮ ಇರುತ್ತದೆ. ಮುಚ್ಚಲು ಹೊಡೆಸಿದ ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಚಾಸಿಯ ಉಳಿದ ಭಾಗ ಮಣ್ಣು, ಎಣ್ಣೆ ಹಿಡಿದು ಹಳೆಯದಾಗಿದ್ದು ಎರಡು ಮೂರು ಅಡಿ ಮಾತ್ರ ಕಪ್ಪಗೆ ಮಿಂಚುತ್ತಿದ್ದರೆ ಅಲ್ಲಿಂದಲೇ ನೋಡಲು ಶುರುಮಾಡಿ. ಮಾರುವವರನ್ನು ಇನ್ನೊಂದು ಕೇಳಿ: ಬಣ್ಣ ಹೊಡೆಸುವ ಮುಂಚಿನ ಫೋಟೊ ಇದೆಯೇ? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಗಾಡಿಯ ಫೋಟೊ ಇಲ್ಲದ ಚಾಲಕನಿಲ್ಲ. ಯಾವ ಅಂಗಡಿಯಲ್ಲಿ ಕೆಲಸ ಆಯಿತೆಂದು ಹೇಳಿದರೆ ಅಲ್ಲಿಗೂ ಹೋಗಿ ಕೇಳಿ. ಪ್ರಾಮಾಣಿಕ ಮಾಲೀಕ ಇದಕ್ಕೆ ಸಿಟ್ಟಾಗುವುದಿಲ್ಲ.

2. ಗಾಡಿಗೆ ಮೊದಲು ಕಾಗದ

ಬಹಳ ಜನ ಗಾಡಿ ನೋಡಿ, ಮನಸ್ಸು ಕೊಟ್ಟು, ಇಸಾರವನ್ನೂ ಕೊಟ್ಟು ಆಮೇಲೆ ಕಾಗದ ಕೇಳುತ್ತಾರೆ. ಅದು ತಲೆಕೆಳಗಿನ ಕೆಲಸ. ಗಾಡಿ ನಂಬರ್ ಸಿಕ್ಕ ಕೂಡಲೇ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ನೋಂದಣಿಯ ದಿನ, ಫಿಟ್‌ನೆಸ್, ವಿಮೆ ಮತ್ತು ತೆರಿಗೆ ಯಾವಾಗಿನವರೆಗೆ ಇವೆ, ಸಾಲ ಇದೆಯೇ ಎಂಬುದು ಕಾಣುತ್ತದೆ. ಬಾಕಿ ಚಲನ್‌ಗಳನ್ನು ಬೇರೆಯಾಗಿ ನೋಡಿ.

ಸಾಲ ತೀರಿದೆ ಎಂಬ ಬಾಯಿಮಾತು ನಂಬಬೇಡಿ. ಸಾಲ ಕೊಟ್ಟವರ ಪತ್ರ, ಅವರ ಸಹಿ ಮುದ್ರೆ ಇರುವ ಫಾರಂ 35 ಬೇಕು. ಅದರ ಮೇಲೆಯೇ ಆರ್‌ಸಿಯಿಂದ ಹೈಪೊಥಿಕೇಶನ್, ಅಂದರೆ ಸಾಲದ ನಮೂದು, ಹೋಗುತ್ತದೆ. ಕಂತು ಕಟ್ಟದೆ ಸೀಜ್ ಆಗಿ ಯಾರ್ಡಿನಲ್ಲಿ ನಿಂತಿದ್ದ ಗಾಡಿಯಾದರೆ ಹರಾಜಿನ ಕಾಗದ, ಬಿಡುಗಡೆ ಪತ್ರ ಎರಡನ್ನೂ ಕೇಳಿ. ಅಂಥ ಗಾಡಿಯ ತೆರಿಗೆ ಬಹಳ ಸಲ ಬಾಕಿ ಇರುತ್ತದೆ. ಆ ಬಾಕಿ ಕೊನೆಗೆ ಬರುವುದು ಕೊಂಡವನ ಮೇಲೆ.

ವಯಸ್ಸಿನ ಲೆಕ್ಕ ಮರೆಯಬೇಡಿ. ಮಲ್ಟಿ ಆಕ್ಸಲ್ ಅಲ್ಲದ ಗಾಡಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ 15 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ನಮ್ಮ ಕಡೆ ಇದು ದೊಡ್ಡ ಮಾತು. ಹುಮನಾಬಾದಿನಿಂದ ಹೆದ್ದಾರಿಯಲ್ಲಿ ಮೂಡಣಕ್ಕೆ ಹೋದರೆ ತೆಲಂಗಾಣ, ಪಡುವಣಕ್ಕೆ ಹೋದರೆ ಮಹಾರಾಷ್ಟ್ರ. ಸೋಲಾಪುರಕ್ಕೋ ಹೈದರಾಬಾದಿಗೋ ಬಾಡಿಗೆ ಹಿಡಿಯಲಾಗದ ಗಾಡಿ ಅರ್ಧ ಬೆಲೆಗೆ ಸಿಕ್ಕರೂ ಅರ್ಧ ದುಡಿಮೆಯನ್ನೇ ಕೊಡುವುದು.

3. ನಂಬರನ್ನು ಬೆರಳಿನಿಂದ ಓದಿ

ಚಾಸಿ ನಂಬರ್ ಹೆಚ್ಚಿನ ಲಾರಿಗಳಲ್ಲಿ ಬಲಬದಿಯ ಉದ್ದ ಪಟ್ಟಿಯ ಮೇಲೆ, ಮುಂದಿನ ಚಕ್ರದ ಆಸುಪಾಸಿನಲ್ಲಿ ಕೊರೆದಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ಆರ್‌ಸಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ. ಒಟ್ಟು 17 ಅಕ್ಷರ. ಅದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಕಂಡರೆ ಅಲ್ಲಿಗೇ ನಿಲ್ಲಿಸಿ. ಎಂಎಟಿ ಎಂದು ಶುರುವಾದರೆ ಟಾಟಾ, ಎಂಬಿ1 ಎಂದರೆ ಅಶೋಕ್ ಲೇಲ್ಯಾಂಡ್. ಸಾಮಾನ್ಯವಾಗಿ ಹತ್ತನೆಯ ಅಕ್ಷರ ತಯಾರಾದ ವರ್ಷ ಹೇಳುತ್ತದೆ: ಜಿ ಎಂದರೆ 2016, ಎಚ್ 2017, ಜೆ 2018, ಕೆ 2019. ಆರ್‌ಸಿಯ ವರ್ಷಕ್ಕೆ ಇದು ತಾಳೆಯಾಗಬೇಕು.

ಅಕ್ಷರಗಳ ಸುತ್ತಲಿನ ತಗಡು ಉಜ್ಜಿದಂತೆ ನುಣುಪಾಗಿದ್ದರೆ, ಸಾಲು ಏರುಪೇರಾಗಿದ್ದರೆ, ಅಥವಾ ನಂಬರಿದ್ದ ತುಂಡನ್ನೇ ಬೆಸೆದ ಗೆರೆ ಕಂಡರೆ ಆ ಗಾಡಿ ಎಷ್ಟು ಅಗ್ಗವಾದರೂ ಬೇಡ. ಎಂಜಿನ್ ನಂಬರನ್ನೂ ಹೀಗೆಯೇ ನೋಡಿ. ನಮ್ಮ ಕಡೆ ಎಂಜಿನ್ ಬದಲಿಸುವುದು ಅಪರೂಪವಲ್ಲ, ತಪ್ಪೂ ಅಲ್ಲ. ಆದರೆ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು.

4. ಗಾಡಿಯ ಕೆಳಗೆ ಮಲಗಿ ನೋಡಿ

ಎಂಜಿನ್ ಹೋದರೆ ಇನ್ನೊಂದು ಕೂಡಿಸಬಹುದು, ಕ್ಯಾಬಿನ್ ಹೋದರೆ ಇನ್ನೊಂದು ಕಟ್ಟಿಸಬಹುದು. ಚಾಸಿ ಹೋದರೆ ಗಾಡಿ ಹೋಯಿತು. ಆದ್ದರಿಂದ ಗಾಡಿ ನೋಡುವ ಹೊತ್ತಿನಲ್ಲಿ ಅರ್ಧ ಹೊತ್ತು ಚಾಸಿಗೇ ಮೀಸಲಿಡಿ. ಹಳೆಯ ಗೋಣಿಚೀಲ, ಒಳ್ಳೆಯ ಟಾರ್ಚ್, ತಂತಿ ಬ್ರಷ್, ಸಣ್ಣ ಸುತ್ತಿಗೆ ಸಾಕು. ಗಾಡಿ ಖಾಲಿ ಇರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ.

ಬಿರುಕು ಎಲ್ಲೆಂದರಲ್ಲಿ ಬರುವುದಿಲ್ಲ. ಪಾಟಾದ ಬ್ರಾಕೆಟ್ ಕೂಡಿದಲ್ಲಿ, ಅಡ್ಡ ಪಟ್ಟಿ ಉದ್ದ ಪಟ್ಟಿಗೆ ಸೇರಿದಲ್ಲಿ, ಕ್ಯಾಬಿನ್ ಮುಗಿದು ಬಾಡಿ ಶುರುವಾಗುವಲ್ಲಿ, ಯಾರೋ ಆಮೇಲೆ ರಂಧ್ರ ಕೊರೆದಲ್ಲಿ ಬರುತ್ತದೆ. ಬಿರುಕಿನಿಂದ ತುಕ್ಕಿನ ನೀರು ಸೋರಿ ಕೆಂಪು ಗೆರೆ ಬಿಟ್ಟಿರುತ್ತದೆ. ಹೊಸ ಬಣ್ಣದ ಮೇಲೂ ಒಂದು ಮಳೆ ಕಳೆದರೆ ಆ ಗೆರೆ ಮತ್ತೆ ಮೂಡುತ್ತದೆ. ಅನುಮಾನ ಬಂದಲ್ಲಿ ಮಾಲೀಕರನ್ನು ಕೇಳಿ ಬ್ರಷ್ಷಿನಿಂದ ಉಜ್ಜಿ ಲೋಹ ಕಾಣುವವರೆಗೆ ನೋಡಿ. ‘ಉಜ್ಜಬ್ಯಾಡ್ರಿ, ಬಣ್ಣ ಹೋಗ್ತದ’ ಎಂದರೆ ಆ ಮಾತೇ ನಿಮಗೆ ಉತ್ತರ.

ಕಾರ್ಖಾನೆಯಿಂದ ಬಂದ ಚಾಸಿಯ ಕೂಡುಗಳಲ್ಲಿ ರಿವೆಟ್ ಇರುತ್ತವೆ. ರಿವೆಟ್ ಸಾಲಿನ ನಡುವೆ ಒಂದು ಕಡೆ ನಟ್ಟು ಬೋಲ್ಟು ಬಂದಿದ್ದರೆ ಅಲ್ಲಿ ಕೆಲಸ ಆಗಿದೆ ಎಂದರ್ಥ. ಆ ಕೆಲಸ ಚೆನ್ನಾಗಿಯೂ ಆಗಿರಬಹುದು. ಆದರೆ ಯಾಕೆ ಬೇಕಾಯಿತೆಂದು ಕೇಳಲೇಬೇಕು. ಚಾಸಿಯ ಒಳಗೆ ಅಥವಾ ಹೊರಗೆ ಇನ್ನೊಂದು ಪಟ್ಟಿ ಕೊಟ್ಟು ಡಬಲ್ ಮಾಡಿಸಿದ್ದರೆ ಆ ಗಾಡಿ ಕಲ್ಲು, ಮರಳು, ಕಬ್ಬಿನಂಥ ಭಾರ ಹೊತ್ತದ್ದು ಎಂದು ತಿಳಿಯಿರಿ. ಚಾಸಿಯನ್ನು ಕತ್ತರಿಸಿ ಉದ್ದ ಮಾಡಿದ್ದರೆ ಕೊಳ್ಳಬೇಡಿ. ತಯಾರಕರು ಕೊಟ್ಟ ರೂಪವನ್ನು ಹಾಗೆಲ್ಲ ಬದಲಿಸಲು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಬಿಡುವುದಿಲ್ಲ. ಪಾಸಿಂಗಿನಲ್ಲಿ ಸಿಕ್ಕಿಬೀಳುವ ದಿನ ಹೆಸರು ನಿಮ್ಮದಾಗಿರುತ್ತದೆ.

ಚಾಸಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ಒಂದು ಹಗ್ಗ ಸಾಕು. ಮುಂದಿನ ಬಲ ಬ್ರಾಕೆಟಿನಿಂದ ಹಿಂದಿನ ಎಡ ಬ್ರಾಕೆಟಿಗೆ, ಮುಂದಿನ ಎಡದಿಂದ ಹಿಂದಿನ ಬಲಕ್ಕೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ಇನ್ನೊಂದು ಉಪಾಯವಿದೆ: ಹಸಿ ಮಣ್ಣಿನ ಮೇಲೆ ಗಾಡಿಯನ್ನು ನೇರ ಓಡಿಸಿ ಹಿಂದೆ ನಿಂತು ಚಕ್ರದ ಗುರುತು ನೋಡಿ. ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಒಂದೇ ಬದಿಗೆ ಸರಿದಿದ್ದರೆ ಗಾಡಿ ಎಲ್ಲೋ ದೊಡ್ಡ ಪೆಟ್ಟು ತಿಂದಿದೆ.

5. ಕ್ಯಾಬಿನ್ನಿಗೆ ಅಯಸ್ಕಾಂತ

ಸಣ್ಣದೊಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ಕ್ಯಾಬಿನ್ನಿನ ತಗಡಿನ ಮೇಲೆ ಮೆಲ್ಲಗೆ ಆಡಿಸುತ್ತ ಹೋಗಿ. ತಗಡು ಇದ್ದಲ್ಲಿ ಹಿಡಿಯುತ್ತದೆ, ಪುಟ್ಟಿ ದಪ್ಪಗೆ ತುಂಬಿದಲ್ಲಿ ಜಾರುತ್ತದೆ. ಬಾಗಿಲ ಕೆಳಭಾಗ, ಮೆಟ್ಟಿಲ ಹತ್ತಿರ, ಗಾಜಿನ ಮೂಲೆ, ಚಕ್ರದ ಮೇಲಿನ ಕಮಾನು ಇವು ಮೊದಲು ಕೊಳೆಯುವ ಜಾಗ. ಅಂಗೈ ಅಗಲದ ಪುಟ್ಟಿಗೆ ಹೆದರಬೇಕಿಲ್ಲ. ಬಾಗಿಲ ಕಂಬದಲ್ಲಿ, ಕ್ಯಾಬಿನ್ ಚಾಸಿಗೆ ಕೂಡುವ ಬುಡದಲ್ಲಿ ಪುಟ್ಟಿ ಇದ್ದರೆ ಅದು ಬೇರೆ ಮಾತು. ಅಪಘಾತದಲ್ಲಿ ಒಳಗಿದ್ದವರ ಜೀವ ಉಳಿಸುವುದು ಆ ಕಂಬಗಳೇ.

ಬಾಗಿಲ ರಬ್ಬರ್ ಎತ್ತಿ ನೋಡಿ. ಅದರ ಕೆಳಗೆ ಹಳೆಯ ಬಣ್ಣ ಉಳಿದಿರುತ್ತದೆ. ವೈರಿಂಗ್, ರಬ್ಬರ್, ನಟ್ಟುಗಳ ಮೇಲೆ ಬಣ್ಣದ ತುಂತುರು ಬಿದ್ದಿದ್ದರೆ ಬಿಚ್ಚದೆ ಅವಸರದಲ್ಲಿ ಹೊಡೆದ ಕೆಲಸ ಅದು. ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿ ತಗಡನ್ನು ಒತ್ತಿ. ನೋಡುವುದಕ್ಕೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ಅಲೆಅಲೆಯಾದ ತಗಡು ಆಗ ಸ್ಪಷ್ಟ ಕಾಣುತ್ತದೆ. ರಾತ್ರಿ ಲೈಟಿನಲ್ಲಿ, ಮಳೆಯಲ್ಲಿ, ಈಗಷ್ಟೇ ತೊಳೆದು ಒದ್ದೆಯಿರುವ ಗಾಡಿಯನ್ನು ನೋಡಿ ಮಾತು ಕೊಡಬೇಡಿ.

6. ಫೈಬರಿಗೆ ಅಯಸ್ಕಾಂತ ನಡೆಯದು

ಈಗಿನ ಲಾರಿಗಳಲ್ಲಿ ಬಂಪರ್, ಮುಂದಿನ ಪ್ಯಾನೆಲ್, ಬಿಸಿಲ ಮರೆ, ಚಕ್ರದ ಮೇಲಿನ ಫೆಂಡರ್ ಬಹಳ ಕಡೆ ಫೈಬರಿನವು. ಅಲ್ಲಿ ಅಯಸ್ಕಾಂತ ಎಲ್ಲಿಯೂ ಹಿಡಿಯದ ಕಾರಣ ಕೊಳ್ಳುವವರು ಆ ಭಾಗವನ್ನು ನೋಡದೆಯೇ ಬಿಡುತ್ತಾರೆ. ಫೈಬರನ್ನು ನೋಡುವ ರೀತಿಯೇ ಬೇರೆ.

ಮೊದಲು ಅದರ ಬೆನ್ನು ನೋಡಿ. ಮುಂಭಾಗಕ್ಕೆ ಎಷ್ಟೇ ಬಣ್ಣ ಹೊಡೆದರೂ ಹಿಂಭಾಗವನ್ನು ಯಾರೂ ಮುಟ್ಟುವುದಿಲ್ಲ. ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ಹಾಕಿ ತೇಪೆ ಕೊಟ್ಟಿದ್ದರೆ ಅಲ್ಲಿ ಎದ್ದು ಕಾಣುತ್ತದೆ. ಹಿಂದೆ ಮ್ಯಾಟ್ ಕೂಡಿಸಿ ಮಾಡಿದ ತೇಪೆ ಗಟ್ಟಿ. ಮುಂದಿನಿಂದ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದದ್ದು ಮೊದಲ ಕೆಟ್ಟ ರಸ್ತೆಯಲ್ಲೇ ಬಾಯಿಬಿಡುತ್ತದೆ. ಆಮೇಲೆ ಒಂದು ನಾಣ್ಯದಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎಂಬ ಖಚಿತ ಸದ್ದು ಬರುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು. ಬೋಲ್ಟ್ ರಂಧ್ರಗಳ ಸುತ್ತ ನಕ್ಷತ್ರದ ಆಕಾರದ ಕೂದಲೆಳೆ ಬಿರುಕು ಇದೆಯೇ ನೋಡಿ. ಕರಾವಳಿಯಲ್ಲಿ ಹಳೆಯ ಫೈಬರ್ ದೋಣಿ ಪರೀಕ್ಷಿಸುವುದೂ ಹೀಗೆ ಬಡಿದು, ಸದ್ದು ಕೇಳಿ. ಅಲ್ಲಿ ನೀರು ಪದರದೊಳಗೆ ಇಳಿದರೆ ಬಣ್ಣದ ಕೆಳಗೆ ಗುಳ್ಳೆ ಏಳುತ್ತವೆ. ನಮ್ಮ ಲಾರಿಗಳಿಗೆ ನೀರಿನ ಕಾಟ ಅಷ್ಟಿಲ್ಲ. ನಡುಕದ ಕಾಟ, ಕಲ್ಲಿನ ಪೆಟ್ಟಿನ ಕಾಟ ಹೆಚ್ಚು.

ಫೈಬರ್ ಒಡೆದಿದ್ದರೆ ಗಾಡಿ ಬಿಡಬೇಕೆಂದಿಲ್ಲ, ಅದು ಸುಲಭದ ಕೆಲಸ. ಆದರೆ ಒಡೆದ ಬಂಪರಿನ ಹಿಂದೆ ಇರುವ ಚಾಸಿಯ ಮುಂಗೈ, ರೇಡಿಯೇಟರಿನ ಕಟ್ಟು, ಸ್ಟೀರಿಂಗ್ ಬಾಕ್ಸಿನ ಬುಡ ನೋಡದೆ ಬಿಡಬೇಡಿ. ಪೆಟ್ಟು ಎಷ್ಟು ಆಳಕ್ಕೆ ಹೋಗಿತ್ತೆಂಬುದು ಅಲ್ಲಿ ತಿಳಿಯುತ್ತದೆ.

7. ಏನು ಹೊತ್ತ ಗಾಡಿ ಎಂದು ಕೇಳಿ

ಗಾಡಿ ಯಾವ ಊರಿನದು ಎಂಬುದಕ್ಕಿಂತ ಯಾವ ಮಾಲಿನದು ಎಂಬುದು ಹೆಚ್ಚು ಹೇಳುತ್ತದೆ. ಕಲಬುರಗಿಯ ತೊಗರಿ, ಬೇಳೆ ಹೊತ್ತ ಗಾಡಿಯ ಬಾಡಿ ಹಗುರಾಗಿ ಸವೆದಿರುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಹೊತ್ತದ್ದರ ಮೂಲೆಗಳಲ್ಲಿ ಪುಡಿ ನೀರು ಕುಡಿದು ಗಟ್ಟಿಯಾಗಿರುತ್ತದೆ, ಅದರ ಕೆಳಗೆ ತುಕ್ಕು. ರಸಗೊಬ್ಬರ, ಉಪ್ಪು, ಮೀನು ಹೊತ್ತ ಗಾಡಿಯಲ್ಲಿ ಲೋಹ ಒಳಗಿಂದ ತಿಂದುಹೋಗಿರುತ್ತದೆ. ಹೊರಗೆ ಬಣ್ಣ ನೀಟಾಗಿದ್ದರೂ ಸುತ್ತಿಗೆಯಿಂದ ತಟ್ಟಿದರೆ ಪದರ ಪದರ ಉದುರುತ್ತದೆ.

ಬಾಡಿಯ ನೆಲದ ಹಲಗೆಯನ್ನು ಮೇಲಿನಿಂದ ನೋಡಿದರೆ ಸಾಲದು, ಅದು ಕೂತಿರುವ ಅಡ್ಡ ತೊಲೆಗಳನ್ನು ಕೆಳಗಿನಿಂದ ನೋಡಿ. ಚಾಸಿಗೂ ಬಾಡಿಗೂ ಬಿಗಿದ ಯು-ಬೋಲ್ಟ್‌ಗಳು ಸಡಿಲವಾಗಿದ್ದರೆ ಬಾಡಿ ಸರಿದು ಸರಿದು ಚಾಸಿಯನ್ನು ಸವೆಸಿರುತ್ತದೆ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವನ್ನೂ ನೋಡಿಕೊಳ್ಳಿ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿದಾಗ ಮೂರು ಆಕ್ಸಲ್‌ನ ಹತ್ತು ಚಕ್ರದ ಗಾಡಿಯ ಮಿತಿ 25 ಟನ್‌ನಿಂದ 28.5 ಟನ್‌ಗೆ ಹೋಯಿತು. ಆದರೆ ದಾರಿಯಲ್ಲಿ ತೂಕ ಹಿಡಿಯುವವರು ನೋಡುವುದು ನಿಮ್ಮ ಆರ್‌ಸಿಯಲ್ಲಿರುವ ಅಂಕಿಯನ್ನು. ಮಾರುವವರು ಬಾಯಲ್ಲಿ ಹೇಳಿದ ಟನ್ನು ಅಲ್ಲಿ ನಡೆಯದು.

8. ಎಂಜಿನ್ ತಣ್ಣಗಿರುವಾಗ ಹೋಗಿ

ಬರುತ್ತೇವೆಂದು ಫೋನ್ ಮಾಡುವಾಗಲೇ ಹೇಳಿಬಿಡಿ: ‘ಅಣ್ಣಾ, ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ.’ ಹೋದ ಮೇಲೆ ಮೊದಲು ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ. ತಣ್ಣನೆಯ ಎಂಜಿನ್ ಸುಳ್ಳು ಹೇಳುವುದಿಲ್ಲ.

ಶುರುವಾದಾಗಿನ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು, ಇಲ್ಲವೇ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಕಪ್ಪು ಹೊಗೆ ಗಾಳಿ ಡೀಸೆಲ್‌ನ ಲೆಕ್ಕ ತಪ್ಪಿದ್ದನ್ನು ಹೇಳುತ್ತದೆ. ಅದು ಫಿಲ್ಟರ್, ಟರ್ಬೊ, ನಾಜಲ್‌ಗಳ ಮಾತು. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಉಗಿ ಸಹಜ, ಬುಸುಬುಸು ಎಂದು ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತಂತೆ ಕಂಡರೆ, ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲಿದರೆ ಹೆಡ್ಡಿನ ಕೆಲಸ ಕಾದಿದೆ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ಎಂಜಿನ್ ಮೇಲೆಯೂ ಬಣ್ಣ ಹೊಡೆದು ಮಿಂಚಿಸಿದ್ದರೆ ಅರ್ಧ ಗಂಟೆ ಓಡಿಸಿ, ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ ಸೋರಿಕೆ ನೋಡಿ.

9. ಬಿಎಸ್ ಯಾವುದು ಎಂದು ತಿಳಿದು ಕೊಳ್ಳಿ

ಬಿಎಸ್ ಎಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ. 2017ರ ಏಪ್ರಿಲ್ 1ರಿಂದ ದೇಶವೆಲ್ಲ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನನ್ನು ನಮ್ಮ ಯಾವ ಮಿಸ್ತ್ರಿಯಾದರೂ ಬಿಚ್ಚಿ ಕೂಡಿಸುತ್ತಾರೆ. ಆದರೆ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಕೇಳುವ ಹೊಸ ಗಾಡಿಗಳಲ್ಲಿ ಸೆನ್ಸರ್, ಇಸಿಎಂ, ಡೋಸಿಂಗ್ ಪಂಪ್ ಇರುತ್ತವೆ. ಅವಕ್ಕೆ ಸ್ಕ್ಯಾನರ್ ಬೇಕು, ಅದನ್ನು ಬಲ್ಲವರು ಬೇಕು, ಸಾಮಾನಿನ ಬೆಲೆಯೂ ಹೆಚ್ಚು.

ಯೂರಿಯಾ ಖರ್ಚು ಉಳಿಸಲು ಆ ವ್ಯವಸ್ಥೆಯನ್ನೇ ಬೈಪಾಸ್ ಮಾಡಿಸಿದ ಗಾಡಿಗಳು ಮಾರಾಟಕ್ಕೆ ಬರುತ್ತವೆ. ಅಂಥದ್ದು ಬೇಡ. ಅದು ಕಾನೂನಿಗೂ ವಿರುದ್ಧ, ನಾವು ಉಸಿರಾಡುವ ಗಾಳಿಗೂ ವಿರುದ್ಧ. ಮತ್ತೆ ಸರಿಮಾಡಿಸುವ ಖರ್ಚು ಉಳಿಸಿದ್ದಕ್ಕಿಂತ ದೊಡ್ಡದು. ಚಾವಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತದೇ ಇರುವ ದೀಪದ ಬಲ್ಬನ್ನು ಯಾರೋ ತೆಗೆದಿರಬಹುದು. ಬಿಎಸ್-4ರ ನಂತರದ ಗಾಡಿಯಾದರೆ ಸ್ಕ್ಯಾನರ್ ಹಾಕಿಸದೆ ಮಾತು ಮುಗಿಸಬೇಡಿ.

10. ಬ್ರೇಕಿನಲ್ಲಿ ರಾಜಿ ಇಲ್ಲ

ಗಾಳಿ ಪೂರ್ತಿ ತುಂಬಲು ಬಿಡಿ. ಹೆಚ್ಚಿನ ಗಾಡಿಗಳಲ್ಲಿ ಗಾಳಿ ಮೀಟರಿನ ಮುಳ್ಳು ಸುಮಾರು 8 ಬಾರ್‌ಗೆ ಬಂದು ನಿಲ್ಲುತ್ತದೆ. ಎಂಜಿನ್ ಬಂದ್ ಮಾಡಿ ಬ್ರೇಕನ್ನು ಒತ್ತಿ ಹಿಡಿದು ಕೆಲವು ನಿಮಿಷ ಮುಳ್ಳು ನೋಡಿ. ಜಾರುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಇನ್ನೊಬ್ಬರನ್ನು ಕೆಳಗೆ ಕಳುಹಿಸಿ ಸದ್ದು ಕೇಳಿಸಿ, ಕೂಡುಗಳಿಗೆ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಬಂದಲ್ಲಿ ಸೋರಿಕೆ. ಮತ್ತೆ ಮತ್ತೆ ಬ್ರೇಕ್ ತುಳಿದು ಗಾಳಿ ಇಳಿಸಿದಾಗ ಎಚ್ಚರಿಕೆಯ ಸದ್ದು ಬರಲೇಬೇಕು. ಟ್ಯಾಂಕಿನ ಕೆಳಗಿನ ಡ್ರೇನ್ ತೆರೆದು ನೋಡಿ. ನೀರು ಎಣ್ಣೆ ಬಹಳ ಬಂದರೆ ಕಂಪ್ರೆಸರ್ ಸವೆದಿದೆ ಎಂದು ಅನುಮಾನಿಸಬೇಕು, ದಿನಾ ಡ್ರೇನ್ ಮಾಡುವ ಅಭ್ಯಾಸವಿಲ್ಲದ ಗಾಡಿ ಎಂದೂ ತಿಳಿಯಬೇಕು.

ಡ್ರಮ್ಮುಗಳಲ್ಲಿ ಬಿರುಕು, ಲೈನರಿನ ದಪ್ಪ, ಸ್ಲ್ಯಾಕ್ ಅಡ್ಜಸ್ಟರ್, ಹ್ಯಾಂಡ್ ಬ್ರೇಕ್ ಎಲ್ಲ ಒಂದೊಂದಾಗಿ ನೋಡಿಸಿ. ಬ್ರೇಕಿನ ಕೆಲಸ ಬಾಕಿಯಿರುವ ಗಾಡಿಯನ್ನು ‘ಮನೆಗೆ ಒಯ್ದು ಮಾಡಿಸ್ತೀನಿ’ ಎಂದು ಹೆದ್ದಾರಿಗೆ ಇಳಿಸಬೇಡಿ. ನಿಂತ ಜಾಗದಲ್ಲೇ ಮಾಡಿಸಿ ಹೊರಡಿ. ಎದುರಿಗೆ ಬರುವ ಬೈಕಿನವನ ಮನೆಯಲ್ಲೂ ಮಕ್ಕಳಿರುತ್ತಾರೆ.

11. ಸ್ಟೀರಿಂಗ್, ಪಾಟಾ, ಟಯರ್

ಮುಂದಿನ ಆಕ್ಸಲ್ ಜಾಕಿನ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಕಿಂಗ್ ಪಿನ್ ಅಥವಾ ಬೇರಿಂಗ್. ಎಡ ಬಲ ಅಲುಗಿಸಿದಾಗ ಆಟ ಇದ್ದರೆ ಟೈ ರಾಡಿನ ತುದಿ. ಪಾಟಾದ ಎಲೆಗಳಲ್ಲಿ ಮುರಿದದ್ದು ಇದೆಯೇ ಎಣಿಸಿ ನೋಡಿ, ಎರಡೂ ಬದಿ ಎಲೆಗಳ ಲೆಕ್ಕ ಒಂದೇ ಇರಬೇಕು. ಸಮ ನೆಲದ ಮೇಲೆ ಖಾಲಿ ಗಾಡಿ ಒಂದು ಬದಿಗೆ ವಾಲಿದ್ದರೆ ಕಾರಣ ಕೇಳಿ.

ಟಯರ್ ಬದಿಯಲ್ಲಿ ನಾಲ್ಕು ಅಂಕಿಯ ಗುರುತಿದೆ: 3219 ಎಂದರೆ 2019ರ 32ನೇ ವಾರದ್ದು. ಟಯರಿಗೆ ಕಪ್ಪು ಪಾಲಿಶ್ ಹೊಡೆದು ಹೊಸದರಂತೆ ಮಾಡಿದ್ದರೂ ಈ ಅಂಕಿ ಬದಲಾಗದು. ಟ್ರೆಡ್ಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ನಿಯಮ. ಹಿಂದಿನ ಚಕ್ರಕ್ಕೆ ಒಳ್ಳೆಯ ರೀಟ್ರೆಡ್ ನಡೆಯುತ್ತದೆ. ಮುಂದಿನ ಎರಡಕ್ಕೆ ಬೇಡ. ಬಿಸಿಲಿನ ಹೆದ್ದಾರಿಯಲ್ಲಿ ಮುಂದಿನ ಟಯರ್ ಸಿಡಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಟಯರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಆಕ್ಸಲ್ ಅಥವಾ ಚಾಸಿ ಹೇಳುತ್ತಿರುವ ದೂರು ಅದು.

12. ಭಾರ ಹೇರಿ ಓಡಿಸಿ

ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಆದಷ್ಟು ಭಾರ ಹೇರಿಸಿ, ಆಗದಿದ್ದರೆ ಒಂದು ಏರು ಇರುವ ರಸ್ತೆಗಾದರೂ ಒಯ್ಯಿರಿ. ಏರಿನಲ್ಲಿ ಕ್ಲಚ್ ಜಾರಿದರೆ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಇಳುಕಲಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನೇ ಜಿಗಿದು ಹೊರಬಂದರೆ ಗೇರ್ ಬಾಕ್ಸ್ ಬಿಚ್ಚಬೇಕು. ಎಳೆತದಲ್ಲಿ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು ಹಿಂದಿನಿಂದ ಬಂದರೆ ಕ್ರೌನ್ ನೋಡಿಸಿ. ಹೊರಡುವಾಗ ಟಕ್ ಎಂದು ಹೊಡೆದರೆ ಜಾಯಿಂಟ್ ಕ್ರಾಸ್.

ಕಿಲೋಮೀಟರ್ ಮೀಟರನ್ನು ನಂಬಿ ಬೆಲೆ ಕಟ್ಟಬೇಡಿ. ಕ್ಲಚ್ ಪೆಡಲ್ಲಿನ ಸವೆತ, ಸ್ಟೀರಿಂಗ್ ಹಿಡಿಯುವ ಜಾಗದ ನುಣುಪು, ಸೀಟಿನ ತಗ್ಗು ನೋಡಿ. ಫಾಸ್ಟ್ಯಾಗ್ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಗಾಡಿ ಯಾವ ಟೋಲಿನಲ್ಲಿ ಯಾವಾಗ ದಾಟಿತು, ಎಷ್ಟು ತಿಂಗಳು ನಿಂತಿತ್ತು ಎಂಬುದೆಲ್ಲ ಅದರಲ್ಲಿದೆ.

13. ಬೆಲೆಯನ್ನು ರಸ್ತೆಗೆ ಇಳಿಯುವ ದಿನಕ್ಕೆ ಕಟ್ಟಿ

ಮಾರುವವರು ಹೇಳಿದ್ದು ಗಾಡಿಯ ಬೆಲೆಯ ಮೊದಲ ಭಾಗ ಮಾತ್ರ. ಅದರ ಕೆಳಗೆ ಬಾಕಿ ತೆರಿಗೆ, ಪಾಸಿಂಗ್, ವಿಮೆ, ಪರ್ಮಿಟ್, ಬೇಕಾದ ಟಯರ್, ನೋಡಿದಾಗ ಸಿಕ್ಕ ಕೆಲಸ, ಮೊದಲ ಕಂತು, ಗಾಡಿ ಕೆಲಸಕ್ಕೆ ನಿಲ್ಲುವ ದಿನಗಳ ಮನೆ ಖರ್ಚು ಎಲ್ಲ ಬರೆಯಿರಿ. ಕೂಡಿಸಿದ ಮೊತ್ತವನ್ನು ಅದೇ ಮಾಡೆಲ್ಲಿನ, ಬಣ್ಣ ಹೊಡೆಸದ, ಓಡುತ್ತಿರುವ ಗಾಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ನೋಡಲು ಮಾಸಿದ, ಆದರೆ ಒಬ್ಬನೇ ಮಾಲೀಕನ ಕೈಯಲ್ಲಿ ದಿನಾ ದುಡಿಯುತ್ತಿರುವ ಗಾಡಿ ಬಹಳ ಸಲ ಅಗ್ಗ ಬೀಳುತ್ತದೆ. ಬಣ್ಣವನ್ನು ನಿಮ್ಮ ಇಷ್ಟದಂತೆ ಆಮೇಲೆ ನೀವೇ ಹೊಡೆಸಬಹುದು.

ನೋಡಿಕೊಡಲು ಕರೆದೊಯ್ಯುವ ಮಿಸ್ತ್ರಿ ಮಾರುವವರ ಕಡೆಯವನಾಗಿರಬಾರದು, ದಲಾಲಿಯಲ್ಲಿ ಪಾಲು ಪಡೆಯುವವನೂ ಆಗಿರಬಾರದು. ಅವನ ಅರ್ಧ ದಿನದ ಕೂಲಿಯನ್ನು ಮೊದಲೇ ಕೊಟ್ಟುಬಿಡಿ. ಗಾಡಿ ಬೇಡ ಎಂದು ಹೇಳಿದರೂ ಅವನಿಗೆ ನಷ್ಟವಾಗಬಾರದು.

14. ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿದಿಲ್ಲ

ಬಾಂಡ್ ಪೇಪರಿನ ಮೇಲೆ ಬರೆದುಕೊಂಡು ಹಳೆಯ ಮಾಲೀಕನ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸುವುದು ನಮ್ಮ ಕಡೆ ಇದೆ. ಇಬ್ಬರಿಗೂ ಅದು ಅಪಾಯ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯವಾದರೆ 45 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಅರ್ಜಿ ಕೊಡಬೇಕು. ಫಾರಂ 29 ಮತ್ತು 30 ಇದಕ್ಕೇ ಇರುವುದು. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ.

ಎಂಎಚ್ ಅಥವಾ ಟಿಎಸ್ ನಂಬರಿನ ಗಾಡಿಯಾದರೆ ಅಲ್ಲಿನ ಕಚೇರಿಯ ಎನ್‌ಒಸಿ ಬೇಕು, ಅದು ಫಾರಂ 28. ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಪಡೆಯಬೇಕು. ಬಸವಕಲ್ಯಾಣದ್ದು ಕೆಎ-56, ಬೀದರದ್ದು ಕೆಎ-38. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇಲ್ಲದಿದ್ದರೆ ಗಾಡಿಗೆ ಆದ ಹಾನಿಯ ಹಣ ಕೈಗೆ ಬರದು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಸಿಗುವುದಿಲ್ಲ, ಅದನ್ನು ಲೆಕ್ಕದಲ್ಲಿ ಹಿಡಿಯಬೇಡಿ. ಕೊನೆಯ ಕಂತಿನ ಹಣವನ್ನು ಅರ್ಜಿ ಕಚೇರಿಗೆ ಸಲ್ಲಿಕೆಯಾದ ದಿನ ಕೊಡುವ ಕರಾರು ಮಾಡಿಕೊಳ್ಳಿ.

ಈ ಹದಿನಾಲ್ಕರಲ್ಲಿ ಹೆಚ್ಚಿನವು ಬೆಲೆ ಇಳಿಸಿಕೊಳ್ಳುವ ಮಾತುಗಳು. ಕ್ಯಾಬಿನ್ ತಗಡು, ಫೈಬರ್, ಬಾಡಿಯ ಹಲಗೆ, ಕ್ಲಚ್, ಟಯರ್ ಇವುಗಳಲ್ಲಿ ಏನು ಕೆಟ್ಟಿದ್ದರೂ ಲೆಕ್ಕ ಹಾಕಿ ಕೊಳ್ಳಬಹುದು. ಆದರೆ ತಿದ್ದಿದ ನಂಬರ್, ಕತ್ತರಿಸಿದ ಅಥವಾ ಬಿರುಕು ಬಿಟ್ಟ ಚಾಸಿ, ತೀರದ ಸಾಲ ಈ ಮೂರರಲ್ಲಿ ಒಂದು ಕಂಡರೂ ಇಸಾರ ಹೋದರೂ ಸರಿ, ಗಾಡಿ ಬಿಟ್ಟು ಬನ್ನಿ. ಮಾರುವ ಅಣ್ಣಂದಿರಿಗೂ ಒಂದು ಮಾತು: ಬಣ್ಣ ಹೊಡೆಸುವ ಮುಂಚೆ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ, ಏನು ಕೆಲಸ ಮಾಡಿಸಿದಿರೆಂದು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಿ. ಬಸವಕಲ್ಯಾಣದ ಕೆಲಸಕ್ಕೆ ದೂರದೂರದಲ್ಲಿ ಹೆಸರಿದೆ. ಆ ಹೆಸರನ್ನು ಉಳಿಸುವುದು ಬೆಳೆಸುವುದು ನಮ್ಮ ಕೈಯಲ್ಲೇ ಇದೆ.